ಎರಡು ಸಲ ಬೊಗಳುವುದು ನಾಯಿಯ ಹಕ್ಕು

ಅಜ್ಜೀಪುರದ ಬೀದಿಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಳ್ಳೇಗಾಲದಿಂದ ಮೊದಲ ಬಸ್ಸಿಗೆ ಬಂದಿಳಿದ ಚನ್ನಮಲ್ಲಮ್ಮ ಹೆಂಚಿನ ಮನೆಯೊಂದರ ಮುಂದೆ ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ. ಕೈಚೀಲದಿಂದ ಜಾಗಟೆ ತೆಗೆದು ಮೆಲ್ಲಗೆ ಒಂದೇಟು ಹಾಕುತ್ತಾರೆ. ಆಮೇಲೆ, ಮಗುವನ್ನು ಮಲಗಿಸುವಷ್ಟು ಸಣ್ಣ ದನಿಯಲ್ಲಿ, ‘ಉಘೇ... ಉಘೇ ಮಾದಪ್ಪಾ...’ ಎನ್ನುತ್ತಾರೆ.

ಜಗಲಿಯ ಕಂಬಕ್ಕೆ ಬಿಳಿ ಪಮೇರಿಯನ್ ನಾಯಿಯೊಂದನ್ನು ಕಟ್ಟಿದೆ. ಹೆಸರು ಪಿಂಕಿ. ಮೈ ಒಂದು ಕುಂಬಳಕಾಯಿಯಷ್ಟು, ಗಂಟಲು ಮಾತ್ರ ಲಾರಿಯದು. ಜಾಗಟೆಯ ಸದ್ದಿಗೆ ಅದು ನಾಲ್ಕು ಕಾಲೂ ನೆಲ ಬಿಡುವ ಹಾಗೆ ಹಾರಿ ಹಾರಿ ಬೊಗಳುತ್ತದೆ. ಚನ್ನಮಲ್ಲಮ್ಮ ಅಲ್ಲಾಡುವುದಿಲ್ಲ, ಗದರುವುದಿಲ್ಲ, ಅದರ ಕಡೆ ನೋಡುವುದೂ ಇಲ್ಲ. ಉಸಿರೆಳೆದುಕೊಳ್ಳಲು ಪಿಂಕಿ ಬಾಯಿ ಮುಚ್ಚಿದ ಚಣವೇ ಅದರ ಮೂಗಿನ ಮುಂದೆ ಒಂದು ಕೊಬ್ಬರಿ ಚೂರು ಬೀಳುತ್ತದೆ. ಪಿಂಕಿ ಗಲಿಬಿಲಿಗೊಂಡು ಕೊಬ್ಬರಿ ತಿನ್ನುತ್ತದೆ. ಮತ್ತೆ ಜಾಗಟೆ. ಮತ್ತೆ ಉಘೇ.

ಅಷ್ಟರಲ್ಲಿ ಎದುರು ಮನೆಯ ಬಾಗಿಲು ತೆಗೆದು ಶಿವರತ್ನಮ್ಮ ಎಂಬ ಹೆಂಗಸು ಮೊರದಲ್ಲಿ ಅಕ್ಕಿ ಹಿಡಿದು ಓಡಿ ಬರುತ್ತಾರೆ. ನಿದ್ದೆಗಣ್ಣು, ಬಿಚ್ಚಿದ ಜಡೆ.

‘ಈಟೊತ್ಗೇ ಬಂದ್ಬುಟ್ರಾ ಗುಡ್ಡಪ್ಪೋರು? ಶಿವ್ರಾತ್ರಿ ಇನ್ನೂ ದೂರ ಅದಲ್ಲವ್ವ?’

‘ದೇವ್ರಿಗಲ್ಲ ಕಣವ್ವ ಇದು, ನಾಯ್ಗೆ.’

ಶಿವರತ್ನಮ್ಮ ನಾಯಿಯನ್ನು ನೋಡುತ್ತಾರೆ, ಜಾಗಟೆಯನ್ನು ನೋಡುತ್ತಾರೆ. ‘ನಾಯ್ಗೂ ಉಘೇನಾ?’

‘ಅದ್ಕೇ ಮೊದ್ಲು ಬೇಕು.’

ಜಾಗಟೆ ಬಡಿದು ಭಿಕ್ಷೆಗೆ ಬರುವ ಮಾದಪ್ಪನ ಗುಡ್ಡಪ್ಪಗಳಿಗೆಂದು ತಂದ ಮೊರದ ಅಕ್ಕಿಯದು ಬೇರೆ ಸಮಸ್ಯೆ. ಮಾದಪ್ಪನ ಹೆಸರಿನಲ್ಲಿ ಹೊಸಿಲು ದಾಟಿದ ಅಕ್ಕಿಯನ್ನು ಈ ಬೀದಿಯಲ್ಲಿ ಯಾರೂ ಒಳಗೆ ವಾಪಸು ಒಯ್ಯುವುದಿಲ್ಲ. ಚನ್ನಮಲ್ಲಮ್ಮ ಬೇಡ ಬೇಡ ಎನ್ನುತ್ತಲೇ ಸೆರಗೊಡ್ಡಬೇಕಾಗುತ್ತದೆ. ಅಷ್ಟು ಹೊತ್ತಿಗೆ ಪಕ್ಕದ ಮನೆಯಿಂದ ಇನ್ನೊಂದು ಮೊರ ಹೊರಟಿರುತ್ತದೆ.

ಕೊಳ್ಳೇಗಾಲ, ಯಳಂದೂರು, ಹನೂರಿನ ಸುತ್ತ ಸಾಕಿದ ಸಣ್ಣ ನಾಯಿಗಳಿಗೆ ಮನೆಯೊಳಗೆ ಉಚ್ಚೆ ಹೊಯ್ಯದ ಹಾಗೆ, ಸುಮ್ಮಸುಮ್ಮನೆ ಬೊಗಳದ ಹಾಗೆ ಕಲಿಸುವುದು ಮುಳ್ಳೂರಿನ ಈ ಹೆಂಗಸಿನ ಕಸುಬು. ಹಾಗೊಂದು ಕಸುಬು ಉಂಟೆಂದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ನಾಯಿಗೆ ಕಚ್ಚುವುದನ್ನು ಕಲಿಸುವವರು ಪಟ್ಟಣಗಳಲ್ಲಿದ್ದಾರೆ, ಅವರಿಗೆ ಬೋರ್ಡೂ ಇದೆ. ಸುಮ್ಮನಿರುವುದನ್ನು ಕಲಿಸುವ ಚನ್ನಮಲ್ಲಮ್ಮನಿಗೆ ಬೋರ್ಡಿಲ್ಲ. ಇರುವುದು ಒಂದು ಕೈಚೀಲ. ಅದರಲ್ಲಿ ಹಳೆಯ ನ್ಯೂಸ್‌ಪೇಪರು, ಕೊಬ್ಬರಿ ಚೂರಿನ ಡಬ್ಬಿ, ಒಂದು ಮೋಟು ಪೊರಕೆ, ಈಚೆಗೆ ಈ ಜಾಗಟೆ.

ಇದನ್ನು ಅವರು ಕಲಿತದ್ದು ಅಂಗನವಾಡಿಯಲ್ಲಿ. ಸಹಾಯಕಿಯೊಬ್ಬರು ದೀರ್ಘ ರಜೆ ಹಾಕಿದ್ದಾಗ ಅವರ ಬದಲಿಗೆ ಚನ್ನಮಲ್ಲಮ್ಮ ಹೋಗುತ್ತಿದ್ದರು. ಟೀಚರಮ್ಮ ಗೋಡೆಯ ಮೇಲಿನ ಆನೆ, ಒಂಟೆ ತೋರಿಸುತ್ತಿದ್ದರೆ ಹಿಂದಿನ ಸಾಲಿನ ಚಡ್ಡಿಗಳು ಇವರ ಪಾಲು. ‘ಮೊಗ ಎದ್ದೇಟ್ಗೆ ಹೊರಕ್ಕೆ, ಉಂಡೇಟ್ಗೆ ಹೊರಕ್ಕೆ, ಆಡಿ ಸುಸ್ತಾದೇಟ್ಗೆ ಹೊರಕ್ಕೆ. ಹೊರಗಡೆ ಉಯ್ದಾಗ ಭೇಷ್ ನನ್ ಕೂಸೇ ಅನ್ನದು, ಒಳಗೆ ಉಯ್ದಾಗ ಬಾಯ್ಮುಚ್ಕಂಡು ಒರೆಸದು. ಇಷ್ಟೇ ಕಣವ್ವ ಇದ್ಯೆ. ಮಕ್ಳಿಗೆ ಎರಡು ಕಾಲು, ಇವಕ್ಕೆ ನಾಕು’ ಎನ್ನುತ್ತಾರೆ.

ರಜೆ ಮುಗಿದು ಸಹಾಯಕಿ ಮರಳಿದರು. ಚನ್ನಮಲ್ಲಮ್ಮ ಕೊಳ್ಳೇಗಾಲದ ಹೊಸ ಬಡಾವಣೆಯೊಂದರಲ್ಲಿ ಮನೆಗೆಲಸಕ್ಕೆ ಸೇರಿದರು. ಅಲ್ಲಿ ಒಂದು ಪಗ್ ಮರಿಯಿತ್ತು. ಅದು ದಿನವೂ ಯಜಮಾನರ ಮಂಚದ ಕಾಲಿಗೆ ಉಚ್ಚೆ ಹೊಯ್ಯುತ್ತಿತ್ತು. ಯಜಮಾನರು, ನಿವೃತ್ತ ಸರ್ವೇಯರ್ ಮಹದೇವಪ್ಪನವರು, ಅದರ ಕತ್ತು ಹಿಡಿದು ಮೂಗನ್ನು ಅದೇ ಉಚ್ಚೆಗೆ ಉಜ್ಜುತ್ತಿದ್ದರು. ಕಸ ಗುಡಿಸುತ್ತಿದ್ದ ಚನ್ನಮಲ್ಲಮ್ಮ ಒಂದು ದಿನ ತಡೆಯಲಾರದೆ ಕೇಳಿಬಿಟ್ಟರು, ‘ನಿಮ್ ಮೊಗೀಗೂ ಇಂಗೇ ಮಾಡಿದ್ರಾ ಸಾ?’ ಆ ಮೊಗ ಈಗ ಮೈಸೂರಿನಲ್ಲಿ ಡಾಕ್ಟರು. ಮಹದೇವಪ್ಪನವರಿಗೆ ನಗು ಬಂತು. ಮರಿ ಚನ್ನಮಲ್ಲಮ್ಮನ ಕೈಗೆ ಬಂತು. ಹುಣ್ಣಿಮೆ ಕಳೆದು ಅಮಾವಾಸ್ಯೆ ಬರುವುದರೊಳಗೆ ಅದು ತಾನೇ ಹೋಗಿ ಹಿಂಬಾಗಿಲು ಕೆರೆಯತೊಡಗಿತು. ಬಡಾವಣೆಯಲ್ಲಿ ಸುದ್ದಿಗೆ ಕಾಲು ಬರಲು ಎಷ್ಟು ಹೊತ್ತು? ‘ಈಗ ಅವಳು ಬರೋ ಹೊತ್ತಿಗೆ ನಾನೂ ಎದ್ದು ಮುಖ ತೊಳೆದು ಕೂತಿರ್ತೀನಿ’ ಎಂದು ಮಹದೇವಪ್ಪನವರು ಹೇಳುತ್ತಾರೆ.

ಬೊಗಳುವುದಕ್ಕೆ ಬೇರೆ ಪಾಠ. ಅದರ ಮೊದಲ ನಿಯಮವೇ ವಿಚಿತ್ರ: ಎರಡು ಸಲ ಬೊಗಳುವುದು ನಾಯಿಯ ಹಕ್ಕು. ‘ಯಾರೋ ಬಂದ್ರು ಅಂತ ಹೇಳ್ಬೇಕು, ಅದು ಅದ್ರ ಕೆಲ್ಸ. ಒಂದ್ಸಲ ಹೇಳ್ತದೆ, ಕೇಳಿಸ್ನಿಲ್ವೇನೋ ಅಂತ ಇನ್ನೊಂದ್ಸಲ ಹೇಳ್ತದೆ. ಮೂರ್ನೇದು ಚಾಡಿ. ಮೂರ್ನೇದಕ್ಕೆ ನೀವು ಸಾಕು ಅನ್ನಬೇಕು. ಜೋರು ಬೇಡ, ಗಟ್ಟಿ ಬೇಕು. ಜೋರಾಗಂದ್ರೆ ನೀವೂ ಜೊತೇಲಿ ಬೊಗಳ್ತಾವ್ರೆ ಅಂದ್ಕಂಡು ಅದಕ್ಕೆ ಇನ್ನೂ ಉಮ್ಮಸ್ಸು ಬತ್ತದೆ.’

ಗಂಡ ಕೆಂಪನಂಜಪ್ಪ ಬಸ್‌ಸ್ಟ್ಯಾಂಡ್ ಬಳಿ ಎಳನೀರು ಮಾರುತ್ತಾರೆ. ವಾರಪತ್ರಿಕೆಗೆ ಬರೆಯಲು ಬಂದ ನನ್ನ ಮುಂದೆ ಅವರ ದೂರು ಬೇರೆ. ‘ನನ್ಗೂ ಅದೇ ರೂಲ್ಸು ಮೇಡಂ. ಸಾರಿಗೆ ಉಪ್ಪಿಲ್ಲ ಅಂತ ಎರಡು ಸಲ ಅನ್ನಬೋದು. ಮೂರ್ನೇದಕ್ಕೆ ಸಾಕು ಅಂತಾಳೆ, ನಾನೂ ಸುಮ್ಕಾಯ್ತೀನಿ. ಕೊಬ್ರಿ ಮಾತ್ರ ಕೊಡಲ್ಲ.’ ಅವರ ಮನೆಯ ಕರಿಯ ಎಂಬ ಊರ ನಾಯಿ ಹೋಗಿ ಬರುವ ಎಲ್ಲರಿಗೂ, ಚನ್ನಮಲ್ಲಮ್ಮನಿಗೂ ಸೇರಿಸಿ, ಗಂಟಲು ಹರಿಯುವಂತೆ ಬೊಗಳುತ್ತದೆ. ಕೇಳಿದರೆ ಅವರು ತಲೆ ಕೊಡವುತ್ತಾರೆ: ‘ಅವ್ನು ನನ್ ಮಾತು ಕೇಳಲ್ಲ. ಮನೇವ್ನಲ್ವಾ.’

ನಗುವವರು ಹೊರಗೂ ಇದ್ದಾರೆ. ಮುಳ್ಳೂರಿನ ನೆಂಟರು ಅವರನ್ನು ನಾಯಿ ಟೀಚರು ಎನ್ನುತ್ತಾರೆ. ಮದುವೆಯೊಂದರಲ್ಲಿ ಬಡಿಸಲು ಬಕೆಟ್ಟು ಎತ್ತಿಕೊಂಡಾಗ, ‘ನಾಯಿ ಉಚ್ಚೆ ಬಳಿಯೋ ಕೈಲಿ ಪಾಯಸ ಬಡಿಸಬೇಡ ಬುಡವ್ವ’ ಎಂದು ನಾದಿನಿ ಅದನ್ನು ಇಸಿದುಕೊಂಡರು. ಇವರು ಅಲ್ಲೇ ಕೂತು ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡು ಬಂದರು. ‘ನಾನೆಲ್ಲವ್ವ ಬಳೀತೀನಿ? ಸಾಕಿದೋರ ಕೈಲಿ ಬಳಿಸ್ತೀನಿ. ಅದ್ಕೇ ನಾಯ್ಗಿಂತ ಅವ್ರು ಬೇಗ ಕಲೀತಾರೆ.’ ಹೇಳಿ ನಗುತ್ತಾರೆ. ಆದರೆ ಆ ಮದುವೆಯ ನಂತರ ಯಾವ ಮದುವೆಯಲ್ಲೂ ಅವರು ಬಕೆಟ್ಟು ಮುಟ್ಟಿಲ್ಲ. ಹಿಮ್ಮಡಿಯ ಮೇಲೆ ಮೂರು ನಾಲ್ಕು ಕಡೆ ಹಲ್ಲಿನ ಗುರುತುಗಳಿವೆ. ಅವನ್ನು ಕೇಳದಿದ್ದರೂ ತೋರಿಸುತ್ತಾರೆ. ಬಕೆಟ್ಟಿನ ಮಾತನ್ನು ಒಂದೇ ಸಲ ಹೇಳಿದರು.

ಇಂಥ ಚನ್ನಮಲ್ಲಮ್ಮನ ಮಾನವನ್ನು ಈಗ ಅಜ್ಜೀಪುರದ ಪಿಂಕಿ ಬೀದಿಗೆ ತಂದಿದೆ.

ಪಿಂಕಿ ಇರುವುದು ಗುರುಬಸಮ್ಮನವರ ಮನೆಯಲ್ಲಿ. ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯಲ್ಲೇ ಇರುವ ಮನೆ. ಶಿವರಾತ್ರಿಗೆ ನಡೆದು ಹೋಗುವ ಯಾತ್ರಿಕರ ಪರಸೆಗೆ ಈ ಮನೆಯ ಜಗಲಿಯಲ್ಲಿ ಮಜ್ಜಿಗೆ ಕೊಡುವುದು ಗುರುಬಸಮ್ಮನ ಅತ್ತೆಯ ಅತ್ತೆಯ ಕಾಲದಿಂದ ನಡೆದು ಬಂದದ್ದು. ನಡೆಯುವವರು ಬಾಗಿಲಲ್ಲಿ ನಿಂತು ಉಘೇ ಎನ್ನಬೇಕು, ಮನೆಯ ಹೆಂಗಸರು ಹರವಿಯಿಂದ ಮೊಗೆದು ಕೊಡಬೇಕು. ಕಳೆದ ವರ್ಷ ಅವರು ಉಘೇ ಎಂದರು. ಪಿಂಕಿ ಹಗ್ಗ ಹರಿದುಕೊಂಡು ಎದುರಿಗೆ ಹೋಯಿತು. ಪರಸೆ ಬೆದರಿ ಎದುರು ಮನೆಗೆ ಸರಿಯಿತು. ಹಿಂದೆ ಬಂದವರೂ ಅದನ್ನು ನೋಡಿ ಅತ್ತಲೇ ಸರಿದರು. ಶಿವರತ್ನಮ್ಮನ ಮನೆಯ ನೀರಿನ ಕೊಳದಪ್ಪಲೆಯೂ ಖಾಲಿಯಾಯಿತು. ಗುರುಬಸಮ್ಮನ ಹರವಿ ತುಂಬಿದ್ದು ತುಂಬಿದ ಹಾಗೇ ಸಂಜೆಯವರೆಗೆ ಉಳಿಯಿತು.

‘ಮಜ್ಗೆ ಉಳೀತು ಅಂತಲ್ಲ ಕಣವ್ವ. ಹಸುಗೆ ಉಯ್ದೆ, ಕುಡೀತು. ನಮ್ ಬಾಗ್ಲು ದಾಟ್ಕಂಡು ಹೋದ್ರಲ್ಲ’ ಎಂದು ಗುರುಬಸಮ್ಮ ಈಗಲೂ ಹೇಳುತ್ತಾರೆ. ಆದ್ದರಿಂದ ಅಪ್ಪಣೆಯಾಗಿದೆ: ಈ ಶಿವರಾತ್ರಿಗೆ ಪರಸೆ ಬರುವ ಹೊತ್ತಿಗೆ ನಾಯಿ ಸುಮ್ಮನಿರಬೇಕು, ದೇವರಮನೆಯ ಬಾಗಿಲಲ್ಲಿ ಉಚ್ಚೆ ಹೊಯ್ಯುವುದೂ ನಿಲ್ಲಬೇಕು. ಇಲ್ಲವಾದರೆ ಪಿಂಕಿ ಹನೂರಿನ ಇಟ್ಟಿಗೆ ಗೂಡೊಂದಕ್ಕೆ, ಸರಪಳಿಗೆ.

ಇದನ್ನು ಕೇಳಿ ನಿದ್ದೆಗೆಟ್ಟವಳು ಸೊಸೆ ಮಾಲಿನಿ. ಯಳಂದೂರು ಕಡೆಯ ಮಾಂಬಳ್ಳಿಯ ಹುಡುಗಿ, ಮದುವೆಯಾಗಿ ಎರಡು ವರ್ಷ. ಗಂಡ ಬಸವೇಶ ಮೆಕ್ಕೆಜೋಳದ ವ್ಯಾಪಾರಕ್ಕೆಂದು ವಾರದಲ್ಲಿ ನಾಲ್ಕು ದಿನ ಊರಲ್ಲಿರುವುದಿಲ್ಲ. ಜೊತೆಗಿರಲೆಂದು ಮರಿ ತಂದುಕೊಟ್ಟವನು ಅವನೇ. ಗುರುಬಸಮ್ಮ ಕೆಟ್ಟವರಲ್ಲ, ದನಿ ದೊಡ್ಡದು. ಪ್ರೀತಿಯನ್ನೂ ಬೈಗುಳದ ರಾಗದಲ್ಲೇ ಹೇಳುತ್ತಾರೆ: ‘ಉಣ್ಣು, ಇಲ್ದಿದ್ರೆ ನಿಮ್ಮಪ್ಪ ನಾವು ಸಾಯಿಸ್ದೋ ಅಂದಾನು!’ ಮಾಲಿನಿಯ ದನಿ ಅಡುಗೆಮನೆಯ ಹೊಸಿಲು ದಾಟಿದ್ದನ್ನು ಕೇಳಿದವರಿಲ್ಲ. ಅತ್ತೆ ಗದರಿದಾಗಲೆಲ್ಲ ಅವಳ ಪರವಾಗಿ ಬೊಗಳುವುದು ಪಿಂಕಿ. ಈ ಮನೆಯಲ್ಲಿ ಅವಳ ಸಿಟ್ಟನ್ನೆಲ್ಲ ಅದರ ಹತ್ತಿರ ಇಡಗಂಟು ಇಟ್ಟಿದ್ದಾಳೇನೋ ಎಂದು ನನಗೆ ಅನಿಸುತ್ತದೆ.

ಚನ್ನಮಲ್ಲಮ್ಮನನ್ನು ಕರೆಸಿದ್ದು ಅವಳೇ, ಕೊಳ್ಳೇಗಾಲದ ಚಿಕ್ಕಮ್ಮನಿಗೆ ಫೋನು ಮಾಡಿ. ಮೊದಲ ಪಾಠ ಹಿತ್ತಿಲಿನಲ್ಲಿ, ನುಗ್ಗೆಮರದ ಕೆಳಗೆ.

‘ಎಲ್ಲಿ, ಸಾಕು ಅನ್ನು.’

ಮಾಲಿನಿ ತುಟಿ ಅಲ್ಲಾಡಿಸುತ್ತಾಳೆ.

‘ಕಿವೀಲಿ ಗುಟ್ಟು ಹೇಳ್ದಂಗಲ್ಲ ಕಣವ್ವ. ನಾಯ್ಗೆ ಕೇಳಿಸ್ಬೇಕು.’

‘ಸಾಕು...’

‘ಯಾಕೆ, ಅನ್ನ ಬಡಿಸೋರ್ಗೆ ಹೇಳ್ತಿದ್ದೀಯಾ?’

ಮಾಲಿನಿಗೆ ನಗು ಬಂದು, ನಗುತ್ತ ನಗುತ್ತಲೇ ಕಣ್ಣು ತುಂಬುತ್ತದೆ. ‘ಬರಲ್ಲ ಅಕ್ಕ. ಮಾಂಬಳ್ಳೀಲಿ ನಾನು ಥ್ರೋಬಾಲ್ ಕ್ಯಾಪ್ಟನ್ ಆಗಿದ್ದೆ. ಅಲ್ಲಿ ಕೂಗ್ತಿದ್ದೆ. ಇಲ್ಲಿ ಎಲ್ಲಿಂದ ಕೂಗ್ಬೇಕು ಅಂತಾನೇ ಗೊತ್ತಾಗಲ್ಲ.’

ಚನ್ನಮಲ್ಲಮ್ಮ ಅವಳ ಹೊಟ್ಟೆಯ ಮೇಲೆ ಎರಡು ಬೆರಳಿಟ್ಟು ತೋರಿಸುತ್ತಾರೆ: ‘ಇಲ್ಲಿಂದ. ದಿನಾ ಈ ನುಗ್ಗೆಮರಕ್ಕೆ ಅನ್ನು. ಮರ ಏನೂ ಅಂದ್ಕಳಲ್ಲ.’

ಬೊಗಳುವುದು ಹೀಗೆ ದಾರಿಗೆ ಬರತೊಡಗಿದರೂ ಉಚ್ಚೆ ಮಾತ್ರ ದಾರಿಗೆ ಬರಲಿಲ್ಲ. ಎದ್ದೊಡನೆ, ಉಂಡೊಡನೆ, ಆಡಿದೊಡನೆ ಮಾಲಿನಿ ಪಿಂಕಿಯನ್ನು ಎತ್ತಿಕೊಂಡು ಹಿತ್ತಿಲಿಗೆ ಓಡುತ್ತಾಳೆ. ಅದು ಹಿತ್ತಿಲಿನಲ್ಲಿ ಬೇಲಿ ಮೂಸುತ್ತದೆ, ಪಕ್ಕದ ಮನೆಯ ಕೋಳಿ ನೋಡುತ್ತದೆ, ಆಕಳಿಸುತ್ತದೆ. ಒಳಗೆ ಬಂದು ನೇರ ದೇವರಮನೆಯ ಬಾಗಿಲಿಗೆ ಹೋಗಿ ಕೂತು ಹೊಯ್ಯುತ್ತದೆ. ಗುರುಬಸಮ್ಮ ಬೆಳಿಗ್ಗೆ ಎದ್ದು ಲಿಂಗಪೂಜೆಗೆಂದು ಮಡಿಯುಟ್ಟು ಬರುವ ಜಾಗ ಅದು. ಕಾಲು ಒದ್ದೆಯಾದ ದಿನ ಬೀದಿ ಪೂರ್ತಿ ಎಚ್ಚರವಾಗುತ್ತದೆ.

‘ಯಾವ ಮನೇಲೂ ಇಂಗಾಗಿಲ್ಲ ಮೇಡಂ’ ಎಂದು ಚನ್ನಮಲ್ಲಮ್ಮ ಬಸ್ಸಿನಲ್ಲಿ ಸಪ್ಪಗೆ ಹೇಳುತ್ತಾರೆ. ‘ಹೇಳಿದ್ದೆಲ್ಲ ಮಾಡ್ತಾರೆ ಪಾಪ. ಒಂದೂ ತಪ್ಪಿಸಲ್ಲ. ಆ ಅಮ್ಮಂತೂ ಅದು ಉಯ್ದ ಜಾಗ ತೊಳ್ದು, ನಾನೇಳ್ದಂಗೆ ದಿನಾ ಗಂಜಲನೂ ಹಾಕ್ತಾರೆ. ಕೊಳ್ಳೇಗಾಲ್ದಲ್ಲಿ ಅರ್ಧಂಬರ್ಧ ಮಾಡೋರ ನಾಯ್ಗಳೇ ಕಲ್ತ್ಕಂಡ್ವಲ್ಲ!’

ಗುಟ್ಟು ಬಿಟ್ಟುಕೊಟ್ಟದ್ದು ಬಸವೇಶನ ಹೊಸ ಸ್ಕೂಟರು. ಆ ಬೆಳಿಗ್ಗೆ ಅಂಗಳದಲ್ಲಿ ಅದಕ್ಕೆ ಪೂಜೆ. ಹೂವಿನ ಹಾರ, ನಿಂಬೆಹಣ್ಣು, ವಿಭೂತಿ ಎಲ್ಲ ಆಯಿತು. ಗುರುಬಸಮ್ಮ ಕೊಟ್ಟಿಗೆಯಿಂದ ಚೊಂಬಿನಲ್ಲಿ ಆಗಷ್ಟೇ ಹಿಡಿದ ಹಸುವಿನ ಗಂಜಲ ತಂದು, ಶುದ್ಧವಾಗಲಿ ಎಂದು ಹಿಂದಿನ ಚಕ್ರದ ಮೇಲೆ ಚಿಮುಕಿಸಿದರು. ಬೇಲಿಯ ಬಳಿ ಕೋಳಿ ನೋಡುತ್ತ ಕೂತಿದ್ದ ಪಿಂಕಿ ಕಿವಿ ನಿಮಿರಿಸಿತು. ಮೂಗು ಎತ್ತಿತು. ಓಡಿ ಬಂದು, ಹಾರ ಹಾಕಿಸಿಕೊಂಡು ನಿಂತ ಸ್ಕೂಟರಿನ ಅದೇ ಚಕ್ರದ ಬಳಿ ಕೂತು, ಬಹಳ ದಿನದ ಗೆಳತಿಯನ್ನು ಕಂಡ ನೆಮ್ಮದಿಯಲ್ಲಿ ಉಚ್ಚೆ ಹೊಯ್ದಿತು.

‘ನನ್ ಗಾಡಿ!’ ಎಂದ ಬಸವೇಶ. ಗುರುಬಸಮ್ಮ ಹೌಹಾರಿ, ಮೈಲಿಗೆ ಕಳೆಯಲು ಮತ್ತೆ ಗಂಜಲ ಚಿಮುಕಿಸಿದರು. ಪಿಂಕಿ ಒಂದು ಸುತ್ತು ತಿರುಗಿ, ಉಳಿದಿದ್ದನ್ನೂ ಅಲ್ಲೇ ಹೊಯ್ದಿತು.

ಚನ್ನಮಲ್ಲಮ್ಮ ಅಂಗಳದಲ್ಲೇ ಕುಕ್ಕರಿಸಿದರು. ‘ಅಯ್ಯೋ ಮಾದಪ್ಪಾ. ದೇವರ್ಮನೆ ಬಾಗ್ಲಲ್ಲಿ ಅದಕ್ಕೆ ಕಕ್ಕಸು ಕಟ್ಕೊಟ್ಟೋಳು ನಾನೇ!’

ಉಚ್ಚೆಯ ವಾಸನೆ ಇದ್ದಲ್ಲಿ ನಾಯಿ ಉಚ್ಚೆ ಹೊಯ್ಯುತ್ತದೆ. ಅದು ಹಸುವಿನದೋ ತನ್ನದೋ ಎಂಬ ಶಾಸ್ತ್ರ ಅದಕ್ಕೆ ಬೇಕಿಲ್ಲ. ದಿನವೂ ಅಲ್ಲೇ ತಾಜಾ ವಾಸನೆ ಹಾಕಿ ಕೊಟ್ಟರೆ ಅದು ಬೇರೆಲ್ಲಿಗೆ ಹೋದೀತು? ಹಾಗಾದರೆ ಕೊಳ್ಳೇಗಾಲದ ಮನೆಗಳು? ಅಲ್ಲಿಯೂ ಎಲ್ಲರಿಗೂ ಇದನ್ನೇ ಹೇಳಿದ್ದರಲ್ಲ? ಚನ್ನಮಲ್ಲಮ್ಮ ಕೂತಲ್ಲಿಂದಲೇ ಮಹದೇವಪ್ಪನವರ ಮನೆಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಎತ್ತಿದವರು ಅವರ ಹೆಂಡತಿ.

‘ಅಮ್ಮಾ, ನಾನು ಗಂಜಲ ಹಾಕಿ ತೊಳೀರಿ ಅಂದಿದ್ನಲ್ಲ. ದಿನಾ ಹಾಕ್ತಿದ್ರಾ?’

‘ಬೇಜಾರು ಮಾಡ್ಕೋಬೇಡ ಚನ್ನಮಲ್ಲಮ್ಮ. ಇಲ್ಲಿ ಹಸು ಎಲ್ಲಿದೆ? ನೀನು ನೊಂದ್ಕೋತೀಯ ಅಂತ ಹೂಂ ಅಂದಿದ್ದೆ. ಸೋಪಿನ ನೀರು ಹಾಕಿ ಒರೆಸ್ತಿದ್ದೆ.’

ಇನ್ನೆರಡು ಮನೆಗೆ ಮಾಡಿದರು. ಒಂದು ಕಡೆ ಫಿನಾಯಿಲು, ಇನ್ನೊಂದು ಕಡೆ ಬಟ್ಟೆ ಒಗೆಯುವ ಪುಡಿ. ಇಷ್ಟು ದಿನ ಅವರ ವಿದ್ಯೆ ಫಲಿಸಿದ್ದು ಯಾರೂ ಅವರ ಮಾತು ಕೇಳದೇ ಇದ್ದದ್ದರಿಂದ. ಮೊದಲ ಬಾರಿಗೆ ಒಬ್ಬರು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದರು. ಅವರ ಮನೆ ಹಾಳಾಗುತ್ತಿತ್ತು. ಫೋನು ಕೆಳಗಿಟ್ಟ ಚನ್ನಮಲ್ಲಮ್ಮ ಕೆನ್ನೆ ಕೆನ್ನೆ ಬಡಿದುಕೊಂಡರು. ಆಮೇಲೆ ನಗತೊಡಗಿದರು. ಮಾಲಿನಿ ನಕ್ಕಳು. ಸ್ಕೂಟರು ತೊಳೆಯುತ್ತಿದ್ದ ಬಸವೇಶ ನಗಲಿಲ್ಲ.

ಗುರುಬಸಮ್ಮನಿಗೆ ಹೇಳುವುದು ಹೇಗೆ ಎನ್ನುವುದು ಆಮೇಲಿನ ಕಷ್ಟ. ಅವರು ಚೊಂಬು ಹಿಡಿದೇ ನಿಂತಿದ್ದರು, ಕಣ್ಣು ಕೆಂಪಗೆ. ‘ಏನವ್ವ, ಗಂಜಲದ್ದೇ ದೋಸ ಅಂತೀಯಾ? ನಮ್ ಅತ್ತೆ ಕಾಲ್ದಿಂದ ಈ ಮನೇಲಿ...’

ಚನ್ನಮಲ್ಲಮ್ಮ ಎದ್ದು ಸೀರೆ ಕೊಡವಿಕೊಂಡರು. ‘ಶಿವಶಿವಾ. ಗಂಜಲ್ದಲ್ಲಿ ಏನ್ ದೋಸ ಅಮ್ಮಾ? ದೋಸ ಎಲ್ಲ ಈ ನಾಯೀದು. ಇದ್ಕೆ ಮಡಿ ಜಾಸ್ತಿ. ಶುದ್ಧ ಮಾಡಿರೋ ಜಾಗ ಬುಟ್ಟು ಬೇರೆ ಕಡೆ ಕೂರಲ್ಲ ಅಂತದೆ. ನೀವು ಆ ತಿಪ್ಪೆ ಮೂಲೆ ವಸಿ ಶುದ್ಧ ಮಾಡಿ ನೋಡಿ.’

ಗುರುಬಸಮ್ಮ ಪಿಂಕಿಯನ್ನು ದಿಟ್ಟಿಸಿದರು. ಅದು ನಾಲಿಗೆ ಚಾಚಿ ಕೂತಿತ್ತು. ‘ಇದ್ಕೆ ಮಡಿ ಬ್ಯಾರೆ!’ ಎಂದು ಗೊಣಗುತ್ತ ಚೊಂಬಿನಲ್ಲಿ ಉಳಿದದ್ದನ್ನು ತಿಪ್ಪೆಯ ಮೂಲೆಗೆ ಸುರಿದು ಬಂದರು. ದೇವರಮನೆಯ ಬಾಗಿಲನ್ನು ಸೋಪಿನಲ್ಲಿ ಉಜ್ಜಿ, ಮೇಲೆ ಹುಣಸೆಹುಳಿಯ ನೀರಿನಲ್ಲಿ ತೊಳೆದದ್ದು ಮಾಲಿನಿ. ಹಿತ್ತಾಳೆ ಬೆಳಗುವ ಹುಣಸೆಹುಳಿಯ ಬಗ್ಗೆ ಯಾರದೂ ತಕರಾರಿರಲಿಲ್ಲ. ಮರುದಿನ ಪಿಂಕಿ ಒಳಗೆ ಮೂಸಿ ನೋಡಿತು, ಏನೋ ಕಳೆದುಹೋದ ಹಾಗೆ ಒಂದು ಸುತ್ತು ಬಂದಿತು, ಹೊರಗೆ ನಡೆದು ತಿಪ್ಪೆಯ ಮೂಲೆಯಲ್ಲಿ ಕೂತಿತು. ‘ಭೇಷ್ ನನ್ ಕೂಸೇ’ ಎಂದ ದನಿ ಯಾರದೆಂದು ತಿರುಗಿ ನೋಡಿದರೆ ಅದು ಗುರುಬಸಮ್ಮನದು. ನಾವು ನೋಡಿದ್ದನ್ನು ನೋಡಿ ಅವರು ಕೋಳಿಗೆ ಹೇಳಿದವರಂತೆ ಕೋಳಿಯ ಕಡೆ ತಿರುಗಿದರು.

ಉಳಿದದ್ದು ಪರಸೆ.

ಶಿವರಾತ್ರಿಗೆ ಮುಂಚಿನ ದಿನ. ಬೆಳಕು ಹರಿಯುವಾಗಲೇ ರಸ್ತೆಯಲ್ಲಿ ಹಳದಿ ಬಟ್ಟೆಯ ಸಾಲು ಕಾಣಿಸುತ್ತದೆ. ಜಗಲಿಯಲ್ಲಿ ಹರವಿ ತುಂಬಿದೆ, ಮೇಲೆ ಕರಿಬೇವು ತೇಲುತ್ತಿದೆ. ಇಷ್ಟು ದಿನ ಜಾಗಟೆಯ ದೆಸೆಯಿಂದ ಸೆರಗಿಗೆ ಬಿದ್ದ ಅಕ್ಕಿಯನ್ನೆಲ್ಲ ಚನ್ನಮಲ್ಲಮ್ಮ ಇಲ್ಲೇ ಕೂಡಿಟ್ಟಿದ್ದರು; ಅದು ಈಗ ದೊಡ್ಡ ಪಾತ್ರೆಯಲ್ಲಿ ಬೇಯುತ್ತಿದೆ. ಈ ಸಲ ಮಜ್ಜಿಗೆಯ ಜೊತೆ ಅನ್ನವೂ ಪಾಯಸವೂ ಉಂಟು ಎಂದು ಗುರುಬಸಮ್ಮ ಆಗಲೇ ಬೀದಿಗೆಲ್ಲ ಸಾರಿದ್ದಾರೆ. ಎದುರು ಜಗಲಿಯಲ್ಲಿ ಶಿವರತ್ನಮ್ಮ ಕೊಳದಪ್ಪಲೆ ತುಂಬಿಸಿ, ಏನಾಗುತ್ತದೋ ನೋಡೋಣ ಎಂಬಂತೆ ಕೂತಿದ್ದಾರೆ.

ಹೆದರಿಕೆಯಾದಾಗ ಗುರುಬಸಮ್ಮನ ದನಿ ಏರುತ್ತದೆ. ‘ಲೋಟ ಎಲ್ಲವ್ವ? ಉಪ್ಪು ಹಾಕಿದ್ದೀಯಾ? ಹಗ್ಗ ಭದ್ರ ಅದಾ? ಈ ಸಲವೇನಾರ ಇದು ಬಾಯ್ಬುಟ್ರೆ ನೋಡು...’ ಮಾಲಿನಿ ಹಗ್ಗ ಹಿಡಿದು ನಿಂತಿದ್ದಾಳೆ. ಚನ್ನಮಲ್ಲಮ್ಮ ಅಂಗಳದ ತುದಿಗೆ ಸರಿದುಬಿಟ್ಟಿದ್ದಾರೆ. ‘ನಾನು ಹತ್ರ ಇದ್ರೆ ಅದು ನನ್ ಕೊಬ್ರಿ ನೋಡ್ತದೆ. ಇವತ್ತು ಅದು ಅವಳನ್ನ ನೋಡ್ಬೇಕು’ ಎನ್ನುತ್ತಾರೆ. ಹೇಳುವಾಗ ಅವರ ಕೈ ಚೀಲದ ಹಿಡಿಯನ್ನು ತಿರುಚುತ್ತಲೇ ಇದೆ.

ಪರಸೆ ಬಾಗಿಲಿಗೆ ಬಂತು. ಮುಂದಾಳು ಗಡ್ಡದ ಮುದುಕ, ಕೈಯಲ್ಲಿ ನಾಗಬೆತ್ತ. ಅವನು ಕತ್ತೆತ್ತಿ ‘ಉಘೇ...’ ಎಂದ. ಹಿಂದಿನ ಅಷ್ಟೂ ಗಂಟಲು ‘ಉಘೇ’ ಎಂದವು. ಜಾಗಟೆಗಳು ಒಟ್ಟಿಗೆ ಬಡಿದುಕೊಂಡವು. ಇದು ಚನ್ನಮಲ್ಲಮ್ಮನ ಲಾಲಿಯ ಉಘೇ ಅಲ್ಲ. ಹೆಂಚು ಅದುರುವ ಉಘೇ.

ಪಿಂಕಿ ಬೊಗಳಿತು. ಒಂದು.

ಮುದುಕ ಒಂದು ಹೆಜ್ಜೆ ಹಿಂದಿಟ್ಟ. ಎದುರು ಜಗಲಿಯಲ್ಲಿ ಶಿವರತ್ನಮ್ಮ ಸೌಟು ಎತ್ತಿಕೊಂಡರು.

ಎರಡು.

‘ಹೇಳ್ಲಿಲ್ವಾ ನಾನು? ಹೇಳ್ಲಿಲ್ವಾ? ಈ ನಾಯಿ ನಮ್ ಮಾನ ಕಳೀತದೆ ಅಂತ, ಹೇಳ್ಲಿಲ್ವಾ...’ ಗುರುಬಸಮ್ಮ ಶುರುಮಾಡಿಬಿಟ್ಟರು. ಪರಸೆಯಲ್ಲಿ ಯಾರೋ ‘ಮುಂದಕ್ಕೆ ನಡೀರಪ್ಪೋ’ ಎಂದರು. ಪಿಂಕಿ ಮೂರನೆಯದಕ್ಕೆ ಎದೆಯುಬ್ಬಿಸಿತು.

‘ಸಾಕು.’

ಅದು ಕೂಗಾಗಿರಲಿಲ್ಲ. ಜಗಲಿಯಿಂದ ರಸ್ತೆಯ ಆಚೆಗಿನ ಹುಣಸೆಮರದವರೆಗೆ ನೇರವಾಗಿ ಹೋಗಿ ನಿಂತ ಒಂದು ಮಾತು. ಪಿಂಕಿ ಉಬ್ಬಿಸಿದ ಎದೆಯನ್ನು ಹಾಗೇ ಇಳಿಸಿ ಮಾಲಿನಿಯ ಕಾಲ ಬಳಿ ಕೂತುಬಿಟ್ಟಿತು. ಅದರ ಜೊತೆಗೆ ಗುರುಬಸಮ್ಮನ ಮಾತೂ ಅರ್ಧಕ್ಕೆ ನಿಂತಿತು. ಜಾಗಟೆಗಳು ನಿಂತವು. ಬಾಯಿ ತೆರೆದಿದ್ದ ಮುದುಕ ಬಾಯಿ ಮುಚ್ಚಿದ. ಇಡೀ ಪರಸೆ ತಪ್ಪು ಮಾಡಿದ ಶಾಲೆಯ ಮಕ್ಕಳ ಹಾಗೆ ನಿಂತಿತು. ಅಂಗಳದ ತುದಿಯಲ್ಲಿ ಚನ್ನಮಲ್ಲಮ್ಮನ ಚೀಲ ಕೈಜಾರಿ ಬಿತ್ತು.

ಮಾಲಿನಿಯೇ ಬೆಚ್ಚಿಬಿದ್ದಳು. ‘ಅಯ್ಯೋ, ನಿಮಗಲ್ಲ ತಾತ!’ ಎಂದಳು. ನಂತರ, ಸ್ವಲ್ಪ ತಡೆದು, ‘ಅತ್ತೆ, ನಿಮಗೂ ಅಲ್ಲ.’

ಮುದುಕನಿಗೆ ನಗು ತಡೆಯಲಾಗಲಿಲ್ಲ. ‘ಯಾರಿಗಾರ ಆಗ್ಲಿ ಬುಡವ್ವ. ನಿನ್ ಗಂಟ್ಲಿದ್ರೆ ನಮ್ ಪರಸೇಗೆ ಮೈಕ್ ಬೇಡ. ಎಲ್ಲಿ, ಮಜ್ಗೆ ಕೊಡು.’

ಅವನು ನಗುತ್ತ ಲೋಟಕ್ಕೆ ಕೈಚಾಚಿದ. ಹಿಂದಿನವರು ಸರಿದು ಸರಿದು ಹತ್ತಿರ ಬಂದರು. ಒಬ್ಬ ಹುಡುಗಿ ಪಿಂಕಿಯ ತಲೆ ಮುಟ್ಟಿದಳು. ಗುರುಬಸಮ್ಮ ಮೊಗೆಯುವುದನ್ನೂ ಮರೆತು ಸೊಸೆಯನ್ನೇ ನೋಡುತ್ತಿದ್ದರು. ಕೊನೆಗೆ, ನಾನು ಈ ಮನೆಯಲ್ಲಿ ಇದುವರೆಗೆ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದರು: ‘ಇಷ್ಟು ಗಂಟ್ಲು ಇತ್ತಾ ನಿಂಗೆ? ಇಷ್ಟು ದಿನ ಎಲ್ಲಿ ಮಡಿಕ್ಕಂಡಿದ್ದೆ?’ ಮಾಲಿನಿ ಉತ್ತರಿಸುವ ಮೊದಲೇ ಸೌಟನ್ನು ಅವಳ ಕೈಗಿಟ್ಟರು. ‘ತಕೋ. ನೀನೇ ಕರೆದು ಕರೆದು ಕೊಡು. ಹಿಂದ್ಗಡೆಯೋರ್ಗೂ ಕೇಳಿಸ್ತದೆ.’

ಮಧ್ಯಾಹ್ನದ ಹೊತ್ತಿಗೆ ಹರವಿ ಬರಿದಾಗಿದೆ. ಗುರುಬಸಮ್ಮ ಅದನ್ನು ಬೋರಲು ಹಾಕುತ್ತಾರೆ, ಎದುರು ಮನೆಗೆ ಕಾಣುವ ಹಾಗೆ. ಊಟದ ಪಂಕ್ತಿಯಲ್ಲಿ ಪಾಯಸದ ಬಕೆಟ್ಟು ಹಿಡಿದವರು ಯಾರು ಎಂದು ನಾನು ನೋಡುತ್ತೇನೆ. ಚನ್ನಮಲ್ಲಮ್ಮ. ಗುರುಬಸಮ್ಮನೇ ಅವರ ಕೈಗೆ ಕೊಟ್ಟರಂತೆ. ‘ನಾಯಿ ಮುಟ್ಟೋ ಕೈ ಕಣಮ್ಮಾ’ ಎಂದು ಇವರು ಹಿಂಜರಿದರೆ, ‘ಹುಣಸೆಹುಳೀಲಿ ತೊಳ್ಕಂಡು ಬಡ್ಸು’ ಎಂದರಂತೆ.

ಸಂಜೆ ಹನೂರಿನ ಬಸ್ಸಿಗೆ ಕಾಯುತ್ತ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದೇವೆ. ನಾಳೆಯೇ ಕೊಳ್ಳೇಗಾಲದಲ್ಲಿ ಹೊಸ ಮರಿಯೊಂದು ಅವರಿಗಾಗಿ ಕಾಯುತ್ತಿದೆ. ಮಹಡಿಯ ಮೇಲಿನ ಮನೆ, ಹಿತ್ತಿಲಿಲ್ಲ, ಪೇಪರು ಹಾಸಿಯೇ ಕಲಿಸಬೇಕು. ಗಂಜಲದ ಮಾತನ್ನು ಇನ್ನು ಯಾರಿಗೂ ಹೇಳುವುದಿಲ್ಲ ಎಂದು ಅವರಾಗಿಯೇ ಹೇಳುತ್ತಾರೆ. ನಿಮಗೊಂದು ಆಸೆ ಅಂತ ಇದ್ದರೆ ಏನು ಎಂದು ಕೇಳುತ್ತೇನೆ.

‘ಇದು ಪೇಪರ್ನಲ್ಲಿ ಬಂದಾಗ ಮಾಲಿನಿ ಜಗ್ಲಿ ಮೇಲೆ ಕುಂತ್ಕಂಡು ಗಟ್ಟಿಯಾಗಿ ಓದ್ಬೇಕು. ಬೀದಿಗೆಲ್ಲ ಕೇಳಿಸ್ಬೇಕು. ಓದಿದ್ಮೇಲೆ ಆ ಹಾಳೆ ನನ್ಗೆ ಕೊಟ್ಬುಡಿ, ಮರಿಗೆ ಹಾಸಕ್ಕೆ ಬೇಕು. ನಿಮ್ ವಾರದ ಪೇಪರು ವಸಿ ದಪ್ಪ ಇರ್ತದೆ, ಬೇಗ ನೆನೆಯಲ್ಲ.’

‘ಅದರಲ್ಲಿ ನಿಮ್ಮ ಫೋಟೋ ಇರುತ್ತೆ ಚನ್ನಮಲ್ಲಮ್ಮ.’

ದೂರದಲ್ಲಿ ಬಸ್ಸಿನ ದೀಪ ಕಾಣಿಸುತ್ತದೆ. ಅವರು ಎದ್ದು ಚೀಲ ಹೆಗಲಿಗೇರಿಸುತ್ತ ನಗುತ್ತಾರೆ.

‘ಇರ್ಲಿ ಬುಡವ್ವ. ಸರಿಯಾಗಿ ಅದ್ರ ಮ್ಯಾಲೇ ಉಯ್ದ್ರೆ, ಕಲಿಸ್ದೋಳು ನಾನು ಅಂತ ಗೊತ್ತಾಯ್ತದಲ್ಲ.’